ಕೂದಲು ಕತ್ತರಿಸಬೇಡಿ ಅಂದಿದ್ದಾರೆ

ನಿನ್ನೆ ರಾತ್ರಿ ಹನ್ನೊಂದಕ್ಕೆ ಮುಗಿಯಿತು ಎಂಟನೇ ಕಂತು.
ಇನ್ಸ್‌ಪೆಕ್ಟರು ಶವಾಗಾರದ ಖಾನೆ ಎಳೆದ,
ಒಳಗೆ ಬರಿಯ ಬಿಳಿ ಹೊದಿಕೆ, ಅದರಲ್ಲೊಂದು ತಲೆಯ ಗುಳಿ,
ಆಮೇಲೆ ಕಪ್ಪು,
ಆಮೇಲೆ ಇರುವೆ ಸಾಲಿನ ಹಾಗೆ ಹೆಸರುಗಳು.

ಬೆಳಿಗ್ಗೆ ಒಲ್ಯಾಂವ್ ಮೀನುಪೇಟೆಯಲ್ಲಿ
ಒಬ್ಬರೂ ದರ ಕೇಳಲಿಲ್ಲ.
ಐಸು ಒಡೆಯುವ ಅದೆರಿತು: ತಮ್ಮನೇ ಕೊಂದದ್ದು,
ಹೆಣ ಕದ್ದದ್ದೂ ಅವನೇ, ಮುಂದಿನ ಸೀಸನ್ನಿನಲ್ಲಿ ನೋಡುತ್ತಿರಿ.
ಕುಲಾತ್ರ ದ್ವೀಪಕ್ಕೆ ದೋಣಿ ಬಿಡುವ ಬೆಲ್ಮಿರು:
ಪಾದ್ರಿಯ ಗಡಿಯಾರ ಹತ್ತು ನಿಮಿಷ ಹಿಂದಿತ್ತು,
ಮೂರನೇ ಕಂತು ಯಾರಾದರೂ ಸರಿಯಾಗಿ ನೋಡಿದ್ದೀರಾ?
ಕಾಫಿ ತಂದ ಹುಡುಗ: ಅವಳಿ ಜವಳಿ.
ಅವನಿಗೆ ಹತ್ತೊಂಬತ್ತು. ಆ ವಯಸ್ಸಿನಲ್ಲಿ
ಎಲ್ಲಕ್ಕೂ ಅವಳಿ ಜವಳಿಯೇ ಉತ್ತರ.

ನಾನು ಬೊಂಡಾಸದ ಮಸಿ ತೊಳೆಯುತ್ತಿದ್ದೆ.
ಪಕ್ಕದ ಮೇಜು ಜುಲ್ಮಿರಾಳದು, ಬಳಚು ಮಾರುತ್ತಾಳೆ.
ಆ ಹೆಣ ಇವಳೇ.

ಹೋದ ಚಳಿಗಾಲ ಅಲ್ಲ, ಅದರ ಹಿಂದಿನದು.
ಲಿಸ್ಬನ್ನಿನಿಂದ ಎರಡು ಲಾರಿ ಬಂದಿದ್ದವು,
ಅರವತ್ತರ ಹೆಂಗಸೊಬ್ಬಳು ಬೇಕಿತ್ತು, ಮಾತಿಲ್ಲದವಳು.
ನಲವತ್ತು ಯೂರೋ, ಒಂದು ಹ್ಯಾಮ್ ಬ್ರೆಡ್ಡು,
ಉಪ್ಪಿನಗದ್ದೆಯ ಬದುವಿನ ಮೇಲೆ ಮೂರು ಗಂಟೆ ಅಂಗಾತ.
ಉಸಿರಾಡಬೇಡಿ ಅಂದರಂತೆ.
'ಉಸಿರು ಹಿಡಿದು ದುಡಿದವಳು ನಾನೊಬ್ಬಳೇ' ಎಂದು
ಎಷ್ಟೋ ದಿನ ನಗುತ್ತಿದ್ದಳು.
ಹೊರಡುವಾಗ ಬಣ್ಣ ಹಚ್ಚುವ ಹುಡುಗಿ ಅಂದಳಂತೆ:
ಕೂದಲು ಕತ್ತರಿಸಬೇಡಿ ಅಮ್ಮ, ಬೇಕಾದರೂ ಬೇಕಾಗಬಹುದು.

ಕತ್ತರಿಸಿಲ್ಲ. ಸಲೂನಿನ ಲುದೊವಿನಾಳಿಗೆ ಮುನಿಸು.
ಏಡಿಯ ಕೊಂಡಿಗೆ ಹಾಕುವ ನೀಲಿ ರಬ್ಬರಿನಲ್ಲಿ
ಕಟ್ಟಿಕೊಂಡಿದ್ದಾಳೆ, ಭುಜ ದಾಟಿ ಬೆಳೆದ
ಆ 'ಬೇಕಾದರೂ'ವನ್ನು.

'ನಾನು ಸತ್ತಿಲ್ಲ' ಅಂದಳು ಈ ಬೆಳಿಗ್ಗೆ, ಕಡ್ಡಿ ಮುರಿದ ಹಾಗೆ.
ಫೋನು ಚಾಚಿದಳು: ಒಂದನೇ ಕಂತು, ಆರನೇ ನಿಮಿಷ.
ಬಗ್ಗಿದವು ಏಳು ತಲೆ, ಸಾಲದ್ದಕ್ಕೆ ಒಬ್ಬ ಗಿರಾಕಿಯದು.
ಕುತ್ತಿಗೆ ನೋಡಿ, ಇಲ್ಲಿ, ಕಾಲರಿನ ಪಕ್ಕ.
ಏನೋ ಆಡಿತು.
ಗಾಳಿ, ಅಂದ ಅದೆರಿತು.
ಉಸಿರು, ಅಂದ ಬೆಲ್ಮಿರು, ಪಾದ್ರಿಯನ್ನು ಅಲ್ಲಿಗೇ ಕೈಬಿಟ್ಟು.
ಪರದೆಗೊಂದು ಮೀನಿನ ಹುರುಪೆ ಅಂಟಿತ್ತು.
ಸಾಕ್ಷಿ ಅಳಿಸೀತೆಂದು ಯಾರೂ ಒರೆಸಲಿಲ್ಲ.

ಸರಿ, ಬದುಕಿದ್ದೀಯ, ಅಂದೆ ನಾನು.
ಹಾಗಾದರೆ ಕೊಲ್ಲಲು ಬಂದವನು ಯಾರು?

ತಕ್ಕಡಿ ಕೆಳಗಿಟ್ಟಳು.
'ಎಂಟು ಕಂತೂ ಅದನ್ನೇ ಕೇಳಿದರು.
ಹೆಸರು ಕೇಳಿದರೇ? ಆ ಹೆಂಗಸು ಅಂದರು, ದೇಹ ಅಂದರು.
ಬೆಳಗಿನ ಐದಕ್ಕೆ, ಒಂದೇ ಬೂಟಿನ ಲೇಸು ಕಟ್ಟಿ,
ಬದುವಿನ ಮೇಲೆ ಎಲ್ಲಿಗೆ ಹೊರಟಿದ್ದಳು?
ಬಿದ್ದಿದ್ದೆನಲ್ಲ, ಯೋಚಿಸಲು ಪುರುಸೊತ್ತಿತ್ತು.
ಅವಳು ಕಡ ತಂದ ಪಾತ್ರೆ ಹಿಂದಿರುಗಿಸಲು ಹೊರಟವಳು.
ಚಿಪ್ಪಿನ ಹಾಗೆ ಮುಚ್ಚುತ್ತದಲ್ಲ, ಆ ತಾಮ್ರದ್ದು. ನಾದಿನಿಯದು.
ಹನ್ನೊಂದು ವರ್ಷ ಮಾತು ಬಿಟ್ಟಿದ್ದರು.
ಆ ದಿನ ಕೊಟ್ಟೇಬಿಡುವೆನೆಂದು ಎದ್ದಳು,
ಇನ್ನೊಂದು ಲೇಸಿಗೂ ತಾಳ್ಮೆಯಿಲ್ಲದೆ.'

ಪಾತ್ರೆ ಎಲ್ಲಿ ಹಾಗಾದರೆ? ಹುಡುಗ ಕೇಳಿದ.
ಯಾವ ಕಂತಿನಲ್ಲೂ ಪಾತ್ರೆಯಿಲ್ಲ.
'ಹುಡುಕಲಿ' ಅಂದಳು.
ಪಾತ್ರೆ ಸಿಕ್ಕರೆ ತನಗೊಂದು ಪಾತ್ರವೂ ಸಿಕ್ಕೀತೆಂದು
ಅವಳು ಹೇಳಲಿಲ್ಲ, ಕೂದಲು ಬಿಚ್ಚಿ ಮತ್ತೆ ಕಟ್ಟಿಕೊಂಡಳು.

ಆಮೇಲೆ ಸ್ಪೇನಿನವರ ಬಸ್ಸು ಬಂತು,
ದರ ಕೇಳುವವರು ಬಂದರು.
ಲಿಸ್ಬನ್ನಿನಿಂದ ಸುದ್ದಿಯಿಲ್ಲ, ಇನ್ನೊಂದು ಸೀಸನ್ನು
ಉಂಟೋ ಇಲ್ಲವೋ ಅದೂ ಗೊತ್ತಿಲ್ಲ.
ಮಧ್ಯಾಹ್ನ ಮೇಜು ತೊಳೆಯುವಾಗ
ಅವಳ ಬಕೆಟ್ಟಿನ ಉಪ್ಪುನೀರಿನಲ್ಲಿ ಮಾರಾಟವಾಗದ ಬಳಚು
ಕೂದಲೆಳೆಯಷ್ಟು ಬಾಯಿ ಬಿಟ್ಟಿದ್ದವು,
ನನ್ನ ನೆರಳು ಬಿದ್ದೊಡನೆ ಮುಚ್ಚಿಕೊಂಡವು.

ರಾತ್ರಿ ಒಬ್ಬಳೇ ಕೂತು ಆರನೇ ನಿಮಿಷ ಹಾಕಿದೆ.
ಕುತ್ತಿಗೆ ಬಿಟ್ಟು ಬೇರೆಡೆ ನೋಡಿದೆ ಈ ಸಲ.
ಬದುವಿನಾಚೆ, ಚೌಕಟ್ಟಿನ ಅಂಚಿನಲ್ಲಿ,
ಜೊಂಡಿನ ನಡುವೆ ಕೆಂಪಗೆ ಏನೋ ಮಿನುಗಿತು.
ಬಿಸಿಲಿರಬೇಕು.
ಆದರೆ ಕತೆಯಲ್ಲಿ ಆಗಿನ್ನೂ ಐದು ಗಂಟೆ.