ಏಳನೆಯ ನಕ್ಷೆ

ಬೆಟಗೇರಿಯ ಹಳೇ ಹತ್ತಿ ಜಿನ್ನಿನ ಅಂಗಳದಲ್ಲಿ
ನಾಲ್ಕು ಮೂಲೆಗೆ ನಾಲ್ಕು ಇಟ್ಟಂಗಿ ಇಟ್ಟು ನಕ್ಷೆ ಹಾಸಿದ್ದೆ.
ಕಪ್ಪತಗುಡ್ಡದ ಕಡೆಯ ಗಾಳಿಗೆ
ಮೊದಲು ಎದ್ದದ್ದು ಈಶಾನ್ಯ ಮೂಲೆ,
ಅಲ್ಲಿ ಗ್ರಂಥಾಲಯ ಬರೆದಿದ್ದೆ.

'ಹಾರಿ ಹೋಗೂ ಹಂಗ ಕಟ್ಟಬ್ಯಾಡ್ರಿ ಬಾಯಾರ'
ಅಂದವರು ನಗಲಿಲ್ಲ. ನಾನೇ ನಕ್ಕೆ.

ಕಂಪ್ಯೂಟರಿನಲ್ಲಿ ಎಲ್ಲ ಚೆಂದ ಕೂತಿತ್ತು:
ಮುನ್ನೂರು ಕುರ್ಚಿ, ಗಾಜಿನ ಮುಂಗೋಡೆ,
ಮಾಳಿಗೆಯ ಮೇಲೆ ಸೋಲಾರು,
ಬಾಗಿಲಿಗೆ ಚಾಲುಕ್ಯರ ಕಂಬ ಎರಡು, ಸಿಮೆಂಟಿನವು.
ಸಂಪ್ರದಾಯ ಅಂದರೆ ಅಷ್ಟೇ ಅಂತ
ಆರು ತಿಂಗಳು ನಂಬಿಕೊಂಡಿದ್ದೆ.

ಬಡಿಗೇರ ದ್ಯಾಮಣ್ಣ, ದೊಡ್ಡಾಟದ ಮಾಸ್ತರ,
ಟೇಪು ಕೇಳಲಿಲ್ಲ, ಕೈ ಮೇಲೆತ್ತಿ ತೋರಿಸಿದ:
'ಕಿರೀಟ ಇಟ್ಟಾಗ ನಾನು ಏಳೂವರಿ ಫೂಟು.
ನಿಮ್ಮ ಬಣ್ಣದ ಖೋಲಿ ಬಾಗಿಲಾ ಏಳು.
ಕೌರವ ಬಗ್ಗಿ ಬಂದ್ರ
ಆಟ ಅಲ್ಲೇ ಮುಗೀತಲ್ರಿ.'
ಅಳಿಸಿ ಒಂಬತ್ತು ಅಂತ ಬರೆದೆ.

ವಿಠ್ಠೂಸಾ ಬಾಕಳೆ ಮಗ್ಗವೇ ಬೇಡ ಎಂದ.
ಕುಣಿಮಗ್ಗವನ್ನು ನಾನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆ,
ಕೆಳಗೆ ವಿವರದ ಫಲಕ, ಮೇಲೊಂದು ದೀಪ.
'ನಮ್ಮಪ್ಪನ ಕಾಲು ಅದರಾಗ ನಲವತ್ತು ವರ್ಷ ಇದ್ವು.
ನೋಡಾಕ ಇಡಬ್ಯಾಡ್ರಿ. ಇಟ್ರ ನೇಯಾಕ ಇಡ್ರಿ.
ಬಾಜೂಕ ಒಂದು ಕರೆಂಟಿನ ಪಾಯಿಂಟ್ ಕೊಡ್ರಿ,
ಹುಡುಗ್ಯಾರು ಮೊಬೈಲಿನ್ಯಾಗ ಹೊಸ ಅಂಚು ತೋರಸ್ತಾರ,
ನಾ ಅದನ್ನ ಎಳಿ ಎಣಿಸಿ ಇಳಸ್ತೀನಿ.'

ಆಮೇಲೆ ಸದ್ದಿನ ಮಾತು.
ಸಭಾಂಗಣದ ಗೋಡೆಗೆ ದನಿ ನುಂಗುವ ಬೂದು ಸ್ಪಂಜು,
ಪುಣೆಯಿಂದ ತರಿಸಿದ ತುಣುಕು ಕೈಯಿಂದ ಕೈಗೆ ಹೋಯಿತು.
ದಾವಲಬಿ ನದಾಫ ಎರಡು ಬೆರಳಲ್ಲಿ ಹಿಂಡಿ
ಹಸಿ ರೊಟ್ಟಿ ಕಡಿದವರ ಮುಖ ಮಾಡಿ ತಿರುಗಿ ಕೊಟ್ಟಳು.
'ನಮ್ಮ ಮನ್ಯಾಗ ಗಾದಿ ಒಟ್ಟಿದ ಖೋಲ್ಯಾಗ
ಎಷ್ಟು ಜಗಳಾಡಿದ್ರೂ ಓಣಿಗೆ ಕೇಳಂಗಿಲ್ಲ.
ಅರಳಿ ನುಂಗತೈತ್ರಿ. ನನ್ನ ಮದಿವಿಯಿಂದ ಹಿಡಿದು ನುಂಗೇತಿ.'
ಹೆಂಗಸರ ಸಾಲು ನಕ್ಕಿತು, ಅವಳ ಗಂಡ ಕೆಮ್ಮಿದ.
ನಾನು ಬರೆದುಕೊಂಡೆ:
ಗೋಡೆಗೆ ಗಾದಿ. ದಪ್ಪ ನಾಲ್ಕು ಇಂಚು. ಖಾದಿ ಹೊದಿಕೆ.
ಹತ್ತಿ ಈ ಅಂಗಳ ಬಿಟ್ಟು ಮೂವತ್ತು ವರ್ಷವಾಗಿತ್ತು,
ಮರಳಿ ಬರಲು ಹೀಗೊಂದು ದಾರಿ ಇತ್ತು.

ಮೆಂಬರರಿಗೆ ಕಮಾನು ಬೇಕು, ಹೆಸರು ದೂರಕ್ಕೆ ಕಾಣುವಂತೆ.
ಕಾಲೇಜು ಹುಡುಗರಿಗೆ ವೈಫೈ, ಬೈಕಿಗೆ ನೆರಳು.
ಬರೆದುಕೊಂಡೆ, ಎಲ್ಲ ಬರೆದುಕೊಂಡೆ.

ನಕ್ಷೆ ಸುತ್ತುವಾಗ ಫಕ್ಕೀರವ್ವ,
ಬೆಳಿಗ್ಗೆ ಈ ಅಂಗಳ ಗುಡಿಸಿ ಕೊಟ್ಟವಳು,
ಗೋಡೆಗೆ ಬೆನ್ನು ಹಚ್ಚಿ ನಿಂತಲ್ಲಿಂದಲೇ ಕೇಳಿದಳು
(ಅವಳಿಗೆ ಕುರ್ಚಿ ಯಾರೂ ಕೊಟ್ಟಿರಲಿಲ್ಲ, ನಾನೂ):
'ಕೀಲಿಕೈ ಯಾರ ಕಡೆ ಇರತೈತ್ರಿ?'

ಆರೂ ನಕ್ಷೆಗಳಲ್ಲಿ ಹುಡುಕಿದೆ.
ಬಾಗಿಲು ಹದಿನಾಲ್ಕು ಇದ್ದವು.
ಬಾಗಿಲು ಯಾವ ಕಡೆ ತೆರೆಯುತ್ತದೆ ಎನ್ನಲು
ಕಾಲು ವೃತ್ತದ ಗೆರೆಯೊಂದುಂಟು ನಮ್ಮ ವಿದ್ಯೆಯಲ್ಲಿ,
ಯಾರಿಗೆ ತೆರೆಯುತ್ತದೆ ಎನ್ನಲು ಏನೂ ಇಲ್ಲ.

ಹುಬ್ಬಳ್ಳಿಯ ರೈಲಿನಲ್ಲಿ, ಅಣ್ಣಿಗೇರಿ ದಾಟುವಾಗ,
ಮಡಿಲಲ್ಲಿ ಹಾಳೆ ಹಿಡಿದು
ಗಾಜಿನ ಮುಂಗೋಡೆ ಹೊಡೆದು ಹಾಕಿದೆ,
ಚಾಲುಕ್ಯರ ಸಿಮೆಂಟೂ ಹೋಯಿತು.
ಅಲ್ಲಿ ಬೀದಿಯ ಉದ್ದಕ್ಕೂ ಒಂದು ಕಟ್ಟೆ,
ಶಹಾಬಾದಿ ಫರಸಿ, ಮೊಣಕಾಲೆತ್ತರ, ಮೇಲೆ ಮಾಡು,
ನಳ ಒಂದು, ಲೈಟು ಎರಡು,
ಬಾಗಿಲು ಇಲ್ಲ.

ರೈಲು ಅಲುಗಿ ಗೆರೆ ಸೊಟ್ಟಾಯಿತು.
ಹಾಗೇ ಬಿಟ್ಟೆ.
ಬೀದಿಯೂ ಅಲ್ಲಿ ಸ್ವಲ್ಪ ಸೊಟ್ಟವೇ ಇದೆ.