ಊದಬತ್ತಿ ಪರೀಕ್ಷೆ

ಬಾಗಿಲು ಹಾಕಿ, ಫ್ಯಾನು ಆರಿಸಿ,
ಊದಬತ್ತಿ ಹಚ್ಚಿ ಸುಮ್ಮನೆ ನಿಲ್ಲಬೇಕು.
ಹೊಗೆ ನೆಟ್ಟಗೆ ಏರಿದರೆ ಸರಿ.
ಬಾಗಿದರೆ, ಬಾಗಿದ ಕಡೆ ಹೋಗಿ ಬೆರಳಿಡು,
ಅಲ್ಲೊಂದು ತೂತು ಇದ್ದೇ ಇರುತ್ತದೆ.
ಇದನ್ನು ನನಗೆ ಯಾರೂ ಕಲಿಸಿದ್ದಲ್ಲ.
ಮೂವತ್ತು ವರ್ಷ ಫ್ರಿಜ್ಜು, ಐಸ್‌ಕ್ಯಾಂಡಿ ಪೆಟ್ಟಿಗೆ,
ಒಮ್ಮೆ ಆಸ್ಪತ್ರೆಯ ಹೆಣದ ಕೋಣೆ.
ತಣ್ಣಗಿರಬೇಕಾದ್ದೆಲ್ಲ ಎಲ್ಲಿಂದಲೋ ಸೋರುತ್ತದೆ
ಅಂತ ಕೈಗೆ ಗೊತ್ತು.

ದುರ್ಗಿಗುಡಿಯಲ್ಲಿ, ಬಳೆ ಅಂಗಡಿಯ ಮಾಳಿಗೆ ಮೇಲೆ
ಪದ್ಮರಾಜಯ್ಯನವರ ಸ್ಟುಡಿಯೋ.
ಬೋರ್ಡಿನ ಮೊದಲ ಅಕ್ಷರ ಉದುರಿ ಈಗ ಬರೀ 'ಡಿಯೋ'.
ಫೋಟೋ ತೊಳೆಯುತ್ತಿದ್ದ ಕತ್ತಲೆ ಕೋಣೆ,
ಹತ್ತಡಿಗೆ ಎಂಟಡಿ, ಕಿಟಕಿಯೇ ಇಲ್ಲ.
"ಬುಡನ್, ಇದರೊಳಗೆ ಕಾಶ್ಮೀರ ಕೂರಿಸಬೇಕು" ಅಂದರು,
ನಲ್ಲಿ ಕೂರಿಸು ಅನ್ನುವ ಹಾಗೆ.
ಹನ್ನೆರಡು ಕೇಜಿ ಕೇಸರಿ ಗಡ್ಡೆ
ಗೋಣಿಯಲ್ಲಿ ಬಂದು ಮೂಲೆಯಲ್ಲಿ ಕೂತಿದ್ದವು,
ಈರುಳ್ಳಿಯ ಬಡ ದಾಯಾದಿಗಳು.

ಗೋಡೆಗೆ ಥರ್ಮೋಕೋಲು, ಮೇಲೆ ಬೆಳ್ಳಿ ಹಾಳೆ,
ಸಂದುಸಂದಿಗೆ ಸಿಲಿಕಾನು,
ಬಾಗಿಲಿಗೆ ಸತ್ತ ಫ್ರಿಜ್ಜೊಂದರ ರಬ್ಬರು.
ಆದರೂ ಈಶಾನ್ಯದ ಮೂಲೆಯಲ್ಲಿ ಹೊಗೆ ತಲೆ ಬಾಗಿಸುತ್ತಿತ್ತು,
ಯಾರಿಗೋ ನಮಸ್ಕಾರ ಹಾಕಿದಂತೆ.
ಮೂರು ದಿನ ಹುಡುಕಿ, ಹಲಗೆ ಕಿತ್ತರೆ
ಬಿರುಕಿನಲ್ಲಿ ಕಪ್ಪು ಕಾಗದದ ಸುರುಳಿ.
ಎಂಬತ್ತೆರಡರಲ್ಲಿ ಅವರೇ ತುರುಕಿದ್ದು.
ಬೆಳಕನ್ನು ಅಷ್ಟು ವರ್ಷ ತಡೆದಿತ್ತು,
ಗಾಳಿಯನ್ನು ಕೇಳುವವರೇ ಇರಲಿಲ್ಲ.

ಹೊರಗೆ ಪುಷ್ಯದ ಮಳೆ. ಒಗೆದ ಬನಿಯನ್ನು ಮೂರನೇ ದಿನ
ವಾಸನೆ ಹೊಡೆಯುತ್ತಿತ್ತು.
ಒಳಗೆ ಗಡ್ಡೆ ಕೊಳೆಯಬಾರದು:
ತೇವ ಐವತ್ತೈದು ದಾಟಬಾರದು, ಶೆಖೆ ಇಪ್ಪತ್ತೈದು.
ಯಂತ್ರ ಗಾಳಿಯನ್ನು ಹಿಂಡಿ ಹಿಂಡಿ
ಮೊದಮೊದಲು ದಿನಕ್ಕೆ ನಾಲ್ಕು ಲೀಟರು ಬಕೆಟ್ಟಿಗೆ ಬಸಿಯಿತು.
ಚೆಲ್ಲಲು ಹೋದರೆ ಅವರು ಕೈ ಹಿಡಿದರು.
ಕ್ಯಾನು ತುಂಬಿಸಿ ಚೀಟಿ ಅಂಟಿಸಿದರು: ಪುಷ್ಯ. ಆಶ್ಲೇಷ. ಮಖೆ.
ಅಕ್ಟೋಬರಿನಲ್ಲಿ ಗೊತ್ತಾಯಿತು.
ಹೂ ಬಿಡುವಾಗ ಗಡ್ಡೆಗೆ ಮಂಜು ಬೇಕಂತೆ,
ಹಿಂಡಿದ್ದನ್ನೇ ಮತ್ತೆ ಚಿಮುಕಿಸಬೇಕಂತೆ.
ಹೊರಗೆ ಬಿಸಿಲು ಕಾಯುತ್ತಿರುವಾಗ
ಕೋಣೆಯೊಳಗೆ ಆಶ್ಲೇಷ ಉದುರಿತು.

ಮೀಟರು ಓದುವ ಹುಡುಗ ಎರಡು ಸಲ ಕಣ್ಣುಜ್ಜಿಕೊಂಡ.
ಮೂರನೇ ದಿನ ಪೇದೆ ಹಾಲೇಶಪ್ಪ ಮೆಟ್ಟಿಲು ಹತ್ತಿದ.
"ಬೀಗ ಹಾಕಿದ ಕೋಣೆ, ಹಗಲೂ ರಾತ್ರಿ ಕರೆಂಟು.
ಏನು ಸೊಪ್ರೀ ಒಳಗೆ?"
"ಬೂಟು ಬಿಚ್ಚಿ. ಬೇಗ ಬನ್ನಿ. ಹದಿನೇಳು ಡಿಗ್ರಿ ಓಡಿಹೋಗುತ್ತೆ."
ಗುಲಾಬಿ ಬೆಳಕಿನಲ್ಲಿ ಹರಿದ ಸಾಕ್ಸಿನಲ್ಲಿ ನಿಂತ.
ತಟ್ಟೆಗಳಲ್ಲಿ ಮಣ್ಣೂ ಇಲ್ಲದೆ ಕೂತ ಗಡ್ಡೆಗಳ ಮೂತಿಯಿಂದ
ಬಿಳಿ ಮೊಳೆಗಳು, ಅಕ್ಕಿಹಲ್ಲಿನಂತೆ.
ಮೂಸಿ ನೋಡಿದ. ಏನೂ ಇಲ್ಲ.
"ನನ್ನ ಮದುವೆ ಫೋಟೋ ನೀವೇ ತೆಗೆದದ್ದು ಸಾರ್.
ಅದರಲ್ಲಿ ನಾನು ಕಣ್ಣು ಮುಚ್ಚಿದ್ದೀನಿ."
ಪದ್ಮರಾಜಯ್ಯ ಬಹಳ ಹೊತ್ತು ಸುಮ್ಮನಿದ್ದು
"ಇನ್ನೊಂದು ತೆಗೆಯಬೇಕಿತ್ತು" ಅಂದರು.

ಹೂ ಬಿಟ್ಟ ರಾತ್ರಿ ನನ್ನನ್ನು ಕರೆದರು.
ಹನ್ನೊಂದು. ನೇರಳೆ.
ಆ ಬೆಳಕಿನಲ್ಲಿ ನೇರಳೆ ಕಾಣುವುದಿಲ್ಲ,
ಬಾಗಿಲು ತೆರೆದು ಒಂದನ್ನು ಹೊರಗೆ ತಂದು
ಟ್ಯೂಬ್‌ಲೈಟಿನಡಿ ಹಿಡಿದೆವು.
ಮೂರು ಕೆಂಪು ಎಳೆ. ಅವರ ಬೆರಳು ನಡುಗುತ್ತಿತ್ತು,
ನನ್ನದು ಹೆದರುತ್ತಿತ್ತು: ಕಂಪ್ರೆಸರ್ ಸದ್ದು ಬದಲಾಗಿದೆಯಲ್ಲ.

ಕೊನೆಗೆ ಎಲ್ಲ ಒಣಗಿಸಿ ಚಿನಿವಾರನ ತಕ್ಕಡಿಗೆ ಹಾಕಿದರೆ
ನಾಲ್ಕು ಗ್ರಾಂ. ಕರೆಂಟು ಬಿಲ್ಲು ಬೇರೆ ತಕ್ಕಡಿ.
ನನ್ನ ಟೀಗೆ ಒಂದು ಎಳೆ ಹಾಕಿ ಎದುರು ಕೂತು ನೋಡಿದರು.
ನನಗೆ ಬರೀ ಸಕ್ಕರೆ ಸಿಕ್ಕಿತು.
"ಹೌದು, ಬೇರೇನೇ ಇದೆ" ಅಂದೆ.
ಅರ್ಧ ದುಡ್ಡು ಕೊಟ್ಟರು,
ಬಾಕಿ ಮುಂದಿನ ಹೂವಿಗೆ.

ಬಾಕಿ ಇನ್ನೂ ಬಂದಿಲ್ಲ.
ನಿನ್ನೆ ಫೋನು ಬಂತು:
ಹೊಗೆ ಮತ್ತೆ ಬಾಗುತ್ತಿದೆ, ಬುಡನ್.
ಈ ಸಲ ಬಾಗಿಲ ಕಡೆಗೆ.