ಪಾಲಾರಿನ ಮೇಲೆ ಸ್ಟ್ಯಾಂಡಿಂಗ್

ಹತ್ತೊಂಬತ್ತು ವರ್ಷ ಬಸ್ಸಿನಲ್ಲಿ ನಿಂತವಳು ನಾನು.
ಕೋಲಾರ, ಬಂಗಾರಪೇಟೆ, ಕೆಜಿಎಫ್, ಬೇತಮಂಗಲ.
ಸೀಟು ಖಾಲಿಯಿದ್ದರೂ ಕೂರದ ಚಾಳಿ.
ಹಾಗಾಗಿ ಸುಗುಣ
'ಮೊದಲು ಮಂಡಿಯೂರಿ ಅಕ್ಕಾ, ಆಮೇಲೆ ಏಳೋಣ' ಅಂದಾಗ
ಒಳಗೊಳಗೇ ನಕ್ಕೆ.

ವಾರದ ರಜೆ. ಬೆಳಗಿನ ಐದೂಮುಕ್ಕಾಲು.
ಕೆರೆ ಏರಿಯ ಮೇಲೆ ಅವಳ ಟಿವಿಎಸ್, ಪಕ್ಕದಲ್ಲಿ
ಗಾಳಿ ತುಂಬಿದ ಎರಡು ಹಲಗೆ.
ಒಂದು ನೀಲಿ. ಇನ್ನೊಂದಕ್ಕೆ ಪಂಕ್ಚರ್ ಅಂಗಡಿಯ ತೇಪೆ.
ಕಾಪುವಿನ ಕಡಲಲ್ಲಿ ಮೂರು ಹಂಗಾಮು
ಪ್ರವಾಸಿಗರಿಗೆ ಹುಟ್ಟು ಹಾಕಲು ಕಲಿಸಿ
ಸಂಬಳದ ಬಾಕಿಗೆ ಬದಲಾಗಿ ಇವನ್ನು ತಂದಳು,
ಚಾಪೆಯ ಹಾಗೆ ಸುತ್ತಿ,
ನನ್ನದೇ ಬಸ್ಸಿನಲ್ಲಿ.
ಲಗೇಜಿಗೆ ನಾನು ಟಿಕೆಟ್ ಹರಿದಿದ್ದೆ.
ಅವಳು ಅದನ್ನು ಮರೆತಿಲ್ಲ.

'ಇನ್ನೂರು ರೂಪಾಯಿ. ನಿಮಗೆ ಅರ್ಧ.'
'ಹಾಫ್ ಟಿಕೆಟ್ ಹನ್ನೆರಡು ವರ್ಷದೊಳಗಿನವರಿಗೆ' ಅಂದೆ.
ಪೂರ್ತಿ ಕೊಟ್ಟೆ.

ನೀರು ಬಸ್ಸಲ್ಲ.
ಬಸ್ಸು ಹೊಂಡ ಬರುವ ಮುನ್ನ ಹೇಳುತ್ತದೆ,
ಕಿಟಕಿಗಳು ಹಲ್ಲು ಕಡಿಯುತ್ತವೆ,
ನನ್ನ ಬೆನ್ನು ತಾನಾಗಿ ಕಂಬಿ ಹುಡುಕುತ್ತದೆ.
ಇಲ್ಲಿ ಕಂಬಿಯೇ ಇಲ್ಲ.
ಎದ್ದು ಮೂರು ಎಣಿಸುವಷ್ಟರಲ್ಲಿ ಬಿದ್ದೆ.
ಮೂಗಿನಲ್ಲಿ ಪಾಲಾರು, ಬಾಯಲ್ಲಿ ಪಾಚಿ,
ಲೈಫ್ ಜಾಕೆಟ್ಟು ಗಲ್ಲಕ್ಕೆ ಬಂದು ಕೂತಿತ್ತು.
ಸುಗುಣ ನಗಲಿಲ್ಲ.
ಎರಡನೇ ಸಲ ಬಿದ್ದಾಗ ನಕ್ಕಳು.
ಮೂರನೇ ಸಲ ಪಾದಕ್ಕೆ ತಿಳಿಯಿತು:
ನಿಲ್ಲುವುದೆಂದರೆ ಅತ್ತ ಚೂರು ಇತ್ತ ಚೂರು ಬೀಳುತ್ತಲೇ ಇರುವುದು,
ನೋಡುವವರಿಗೆ ಗೊತ್ತಾಗದ ಹಾಗೆ.

'ಈಗ ಮಾತಾಡಬೇಡಿ.'
ಜೊಂಡಿನ ಬುಡದತ್ತ ಹುಟ್ಟು ಚಾಚಿದಳು.
ಕುಂಕುಮ ಚೆಲ್ಲಿದಂತೆ ನೂರಾರು ಕೊರಮೀನಿನ ಮರಿ,
ಕುದಿಯುವ ಅನ್ನದ ಅಗುಳು, ಮೇಲೆ, ಕೆಳಗೆ, ಮತ್ತೆ ಮೇಲೆ.
ಅವುಗಳ ಅಡಿಯಲ್ಲೊಂದು ಮರದ ತುಂಡು.
ತುಂಡಿಗೆ ಕಣ್ಣಿತ್ತು.
ಚೆಕಿಂಗಿನವರು ಹತ್ತಿದಾಗ ನಾನು ತಲೆ ಎಣಿಸುತ್ತೇನಲ್ಲ,
ಥೇಟ್ ಹಾಗೆ ಎಣಿಸುತ್ತಿದ್ದಳು ತಾಯಿ.
ನಾವು ಹಿಂದಕ್ಕೆ ಸರಿದೆವು. ಆಮೇಲಷ್ಟೇ ಕಣ್ಣು ಮಿಸುಕಿತು.

ಮುಳುಗಿ ಸತ್ತ ಜಾಲಿಯ ಮೇಲೆ ನೀರುಕಾಗೆಗಳು
ರೆಕ್ಕೆ ಬಿಚ್ಚಿ ಒಣಗಿಸುತ್ತಿದ್ದವು,
ಡಿಪೋದ ತಂತಿಗೆ ಹಾಕಿದ ಖಾಕಿ ಅಂಗಿಗಳು.

'ಕಡಲಲ್ಲಿ ಏನೇನು ತೋರಿಸ್ತಿದ್ದೆ?' ಕೇಳಿದೆ.
ಹುಟ್ಟನ್ನು ತೊಡೆಗೆ ಅಡ್ಡವಿಟ್ಟು ಕೂತಳು.
'ಡಾಲ್ಫಿನ್ ಅಂತ ಕರ್ಕೊಂಡು ಹೋಗೋದು. ಹತ್ತು ದಿನಕ್ಕೊಂದ್ಸಲ ಕಾಣೋದು.
ಕಾಣದಿದ್ರೆ ದುಡ್ಡು ವಾಪಸ್ ಕೇಳೋರು.
ಒಂದಿನ ಸಂಜೆ ಯಾರೂ ಇರ್ಲಿಲ್ಲ ಅಕ್ಕಾ,
ಕಲ್ಲೊರಳಿನಷ್ಟು ಅಗಲದ ಆಮೆ ಪಕ್ಕದಲ್ಲೇ ಎದ್ದು
ಉಸಿರು ಬಿಡ್ತು.
ಹುಲ್ಲಿನ ಹೊರೆ ಇಳಿಸಿ ನಮ್ಮಮ್ಮ ಬಿಡ್ತಾಳಲ್ಲ, ಅದೇ ಉಸಿರು.
ಮಾರನೇ ವಾರ ಹೊರಟು ಬಂದೆ.'

ನೀರು ಹಲಗೆಯ ಅಂಚನ್ನು ನೆಕ್ಕುತ್ತಿತ್ತು.
'ಇದು ಕಡಲಿಗೆ ಹೋಗುತ್ತಾ?'
'ಕೋಡಿ ಬಿದ್ರೆ ಹೋಗುತ್ತೆ ಅಂತಾರೆ. ಯಾರು ಹಿಂದೆ ಹೋಗಿ ನೋಡಿದ್ದಾರೆ?'
ನಾನು ಮನಸ್ಸಿನಲ್ಲೇ ಸ್ಟೇಜು ಕೂಗಿದೆ:
ವಾಣಿಯಂಬಾಡಿ, ಆಂಬೂರು, ವೇಲೂರು...
ಆಚೆಗೆ ನನಗೆ ದರ ಗೊತ್ತಿಲ್ಲ,
ನಮ್ಮ ಡಿವಿಷನ್ನು ಅಲ್ಲಿಗೆ ಮುಟ್ಟುವುದಿಲ್ಲ.

ಆಗ, ಎರಡು ಹಲಗೆಗಳ ನಡುವೆ,
ಅಂಗೈ ಅಗಲದ ಕೆರೆಯಾಮೆ ತಲೆಯೆತ್ತಿ
ಚಿಲ್ಲರೆ ಕಾಸಿನಷ್ಟು ಉಸಿರು ಬಿಟ್ಟು
ಮುಳುಗಿತು.
ಒಂದೇ ಗುಳ್ಳೆ.
ಸುಗುಣ ನನ್ನ ಮುಖ ನೋಡಲಿಲ್ಲ. ನಾನೂ ಅವಳದು ನೋಡಲಿಲ್ಲ.

ಮರುದಿನ ಮೊದಲ ಟ್ರಿಪ್ಪು.
ಬೆಮೆಲ್ ನಗರದ ತಿರುವಿನಲ್ಲಿ ಕಂಬಿ ಬಿಟ್ಟು,
ಮಂಡಿ ಕೊಂಚ ಬಗ್ಗಿಸಿ, ಟಿಕೆಟ್ ಮಿಷಿನ್ನು ಎದೆಗವಚಿ
ಸುಮ್ಮನೆ ನಿಂತಿದ್ದೆ.
ಕನ್ನಡಿಯಲ್ಲಿ ಡ್ರೈವರ್ ಚೌಡಪ್ಪ:
'ಯಾಕಮ್ಮಾ, ಕಾಲು ನೋವಾ?'
'ಇಲ್ಲ' ಅಂದೆ,
'ರೈಟ್, ಹೋಗಲಿ.'